ಮಿಂಚಿನ ಕತ್ತು

ನಮ್ಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮಿಂಚು ಎಂದು. ಟೈಪ್ ಮಾಡುವ ವೇಗಕ್ಕೆ ಬಿದ್ದ ಹೆಸರು. ನನಗೂ ಒಂದು ಹೆಸರಿದೆ, ಮೈಕಕ್ಕ. ಅದು ಯಾಕೆ ಬಿತ್ತು ಎನ್ನುವುದನ್ನು ನಾನೇ ಹೇಳಬೇಕಾಗಿಲ್ಲ, ಮೂರು ಕೋಣೆ ಆಚೆ ಕೂತವರನ್ನು ಕೇಳಿದರೂ ಹೇಳುತ್ತಾರೆ. ಹನ್ನೊಂದು ವರ್ಷದಿಂದ ನಾವಿಬ್ಬರೂ ಒಂದೇ ಮೇಜಿನ ಜೋಡಿ. ನಾನು ಓದುತ್ತೇನೆ, ಅವಳು ಟೈಪ್ ಮಾಡುತ್ತಾಳೆ.

ಕೆಲಸ ಏನೆಂದರೆ, ಹಳೆಯ ಕಾಲದ ಜನನ, ಮರಣ, ಮದುವೆಗಳ ನೋಂದಣಿ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸುವುದು. ಒಂದೊಂದು ಪುಸ್ತಕವೂ ವರ್ಷದ ಮಗುವಿನಷ್ಟು ಭಾರ. ಶಾಯಿ ಮಾಸಿದೆ. ಬರೆದ ಗುಮಾಸ್ತರಲ್ಲಿ ಅರ್ಧಕ್ಕರ್ಧ ಜನರ ಕೈಬರಹ ಇರುವೆ ಮಸಿಯಲ್ಲಿ ಬಿದ್ದೆದ್ದು ನಡೆದ ಹಾಗಿದೆ. ಒಬ್ಬರೇ ಓದುತ್ತ ಟೈಪ್ ಮಾಡುತ್ತ ಹೋದರೆ ದಿನಕ್ಕೆ ಎರಡು ಪುಟವೂ ಆಗುವುದಿಲ್ಲ. ಅದಕ್ಕೇ ಜೋಡಿ. ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಒಬ್ಬರು ಓದಬೇಕು, ಇನ್ನೊಬ್ಬರು ಟೈಪ್ ಮಾಡಬೇಕು, ಒಂದು ಸಾಲು ಮುಗಿದಾಗ ಓದುವವರು ಪೆನ್ಸಿಲಿನಿಂದ ಮೇಜನ್ನು ಒಮ್ಮೆ ಕುಟ್ಟಬೇಕು. ನಮ್ಮ ಹಾಲಿನಲ್ಲಿ ಇಂಥ ಆರು ಜೋಡಿಗಳಿವೆ. ಹೊಸದಾಗಿ ಒಳಗೆ ಬಂದವರಿಗೆ ಆರು ತರಗತಿಯ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿರುವ ಶಾಲೆ ನೆನಪಾಗುತ್ತದಂತೆ.

ನಮ್ಮ ಮೇಜಿಗೆ ಕಿಟಕಿ ಬಲಗಡೆ. ಬೆಳಕು ಬೇಕಾದದ್ದು ನನಗೆ, ಹಾಗಾಗಿ ನಾನು ಅವಳ ಬಲಕ್ಕೆ. ಮಿಂಚು ಪರದೆಯನ್ನು ನೋಡುತ್ತಲೇ ಇರಲಿಲ್ಲ. ಕತ್ತನ್ನು ಪೂರ್ತಿ ಬಲಕ್ಕೆ ಹೊರಳಿಸಿ, ಗದ್ದ ಮುಂದಕ್ಕೆ ಚಾಚಿ, ನನ್ನ ಮುಖವನ್ನೇ ನೋಡುತ್ತ ಬೆರಳಾಡಿಸುತ್ತಿದ್ದಳು. ಮೇಲಿನವರು ಯಾರಾದರೂ ತಪಾಸಣೆಗೆ ಬಂದರೆ ನಮ್ಮ ಮೇಲ್ವಿಚಾರಕರು ಮೊದಲು ಕರೆತರುತ್ತಿದ್ದದ್ದು ನಮ್ಮ ಮೇಜಿಗೇ. “ನೋಡಿ ಸಾರ್, ಕಂಪ್ಯೂಟರ್ ಕಡೆ ಕಣ್ಣೆತ್ತಿ ಕೂಡ ನೋಡಲ್ಲ!” ಬಂದವರು ಬೆರಗಾಗುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ನನ್ನ ಮುಖವನ್ನು ಅಷ್ಟು ಹೊತ್ತು, ಅಷ್ಟು ಅಕ್ಕರೆಯಿಂದ ಬೇರೆ ಯಾರೂ ನೋಡಿರಲಿಲ್ಲ, ಕಟ್ಟಿಕೊಂಡ ಗಂಡನೂ ಸೇರಿ.

ಹೋದ ವರ್ಷ ಅವಳ ಕತ್ತು ಕೈಕೊಟ್ಟಿತು. ಮೊದಲು ಬರೀ ಬಿಗಿತ. ಆಮೇಲೆ ಬಲ ಭುಜದಲ್ಲಿ ಚುಳುಕು, ಅದು ತೋಳಿಗಿಳಿದು ಕೊನೆಗೆ ಎರಡು ಬೆರಳು ಜೋಮು ಹಿಡಿದವು. ಜೋಮು ಹಿಡಿದ ಬೆರಳಿಗೆ ಯಾವ ಕೀಲಿ ಒತ್ತಿದೆ, ಯಾವುದು ಬಿಟ್ಟೆ ಎಂದು ತಿಳಿಯುವುದಿಲ್ಲ. ಪುಟಕ್ಕೆ ಒಂದೂ ತಪ್ಪಿಲ್ಲದವಳ ಕೆಲಸದಲ್ಲಿ ಏಳೆಂಟು ತಪ್ಪು ಕಾಣಿಸತೊಡಗಿದವು. ಮೇಲ್ವಿಚಾರಕರು ಕೆಟ್ಟವರಲ್ಲ. ಆದರೆ ಯಾರದೋ ಹುಟ್ಟಿದ ದಿನ ನಮ್ಮಿಂದ ತಪ್ಪಾದರೆ ಆ ಮನುಷ್ಯ ಬದುಕಿರುವಷ್ಟು ಕಾಲ ಕಚೇರಿಯಿಂದ ಕಚೇರಿಗೆ ಅಲೆಯಬೇಕು, ಅದು ಅವರಿಗೆ ಗೊತ್ತು. ಕರೆದು ಮೆತ್ತಗೆ ಹೇಳಿದರು. “ಮೂರು ತಿಂಗಳು ಟೈಮ್ ತಗೊಳ್ಳಮ್ಮ. ವಾಸಿ ಮಾಡ್ಕೊ. ಆಗ್ಲಿಲ್ಲ ಅಂದ್ರೆ ಕೆಳಗಿನ ದಾಸ್ತಾನು ಕೋಣೆಗೆ ಹಾಕ್ತೀನಿ, ಅಲ್ಲಿ ಟೈಪಿಂಗ್ ಇರಲ್ಲ.”

ದಾಸ್ತಾನು ಕೋಣೆ ಇರುವುದು ನೆಲಮಾಳಿಗೆಯಲ್ಲಿ. ಹಿಂದೆ ನಮ್ಮ ಹಾಲಿನಲ್ಲಿದ್ದ ಒಬ್ಬ ಹಿರಿಯ ಟೈಪಿಸ್ಟಿಗೆ ವಯಸ್ಸಾಗಿ ಕಿವಿ ಮಂದವಾದಾಗ ಅವರನ್ನು ಅಲ್ಲಿಗೇ ಕಳಿಸಿದ್ದರು. ಎರಡು ವರ್ಷ ಪುಸ್ತಕದ ಧೂಳು ಒರೆಸಿಕೊಂಡಿದ್ದು ನಿವೃತ್ತರಾದರು. ಕೆಳಗೆ ದಿನವಿಡೀ ಒಂದು ನರಪಿಳ್ಳೆಯ ಮಾತೂ ಇರುವುದಿಲ್ಲ. ಮಿಂಚು ಆ ದಿನ ಮೇಜಿಗೆ ಬಂದು ಕೂತಾಗ ಅವಳ ಮುಖ ಬಿಳಿಚಿತ್ತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆಗೆ ಏನೂ ಆಗಿಲ್ಲ, ಕೂರುವ ಭಂಗಿ ಕೆಟ್ಟಿದೆ ಎಂದು ಹೇಳಿ ಫಿಸಿಯೋಥೆರಪಿಗೆ ಕಳಿಸಿದರು. “ಅಕ್ಕಾ, ನೀವೂ ಬನ್ನಿ” ಎಂದಳು. ವ್ಯಾಯಾಮ ಮಾಡುವವಳು ಇವಳು, ನಾನೇಕೆ ಎಂದು ಗೊಣಗಿಕೊಂಡೇ ಹೋದೆ. ನಾನು ಗೊಣಗದೆ ಎಲ್ಲಿಗೂ ಹೋದವಳಲ್ಲ.

ವ್ಯಾಯಾಮದ ಕೋಣೆಯಲ್ಲಿ ಒಂದು ಗೋಡೆಗೆ ಉದ್ದ ಕನ್ನಡಿ, ಇನ್ನೊಂದು ಗೋಡೆ ಬರಿದು, ನೆಲಕ್ಕೆ ನೀಲಿ ಚಾಪೆ. ಅಲ್ಲಿದ್ದವನು ಬಡಕಲು ಹುಡುಗ. ಹುಡುಗ ಎಂದರೆ ಮೂವತ್ತು ದಾಟಿದ್ದನೇನೋ, ನನ್ನ ವಯಸ್ಸಿಗೆ ಎಲ್ಲರೂ ಹುಡುಗರೇ. ಮಾತು ಎಷ್ಟು ಮೃದುವೆಂದರೆ ಬಾಯಲ್ಲಿ ಹತ್ತಿ ಇಟ್ಟುಕೊಂಡಿದ್ದಾನೆ ಅನ್ನಬೇಕು. ಮೊದಲ ದಿನವೇ ಹೇಳಿದ: “ಗದ್ದ ಮುಂದಕ್ಕಲ್ಲ ಮೇಡಂ, ಹಿಂದಕ್ಕೆ. ತಲೆ ಬಗ್ಗಿಸಬಾರದು. ಕೆಟ್ಟ ವಾಸನೆ ಬಂದಾಗ ಮುಖ ಹಿಂದಕ್ಕೆ ಎಳ್ಕೋತೀವಲ್ಲ, ಹಾಗೆ. ಐದು ಎಣಿಸೋವರೆಗೆ ಹಿಡ್ಕೊಳ್ಳಿ.” ಕನ್ನಡಿಯಲ್ಲಿ ಮಿಂಚಿಗೆ ಎರಡು ಗದ್ದ ಮೂಡಿದವು. ನನಗೆ ಅವನು ಹೇಳುವ ಮೊದಲೇ ಮೂರಿದ್ದವು. ಅಂದಿನಿಂದ ಅವನು ನಮ್ಮ ಬಾಯಲ್ಲಿ ಗದ್ದದ ಡಾಕ್ಟ್ರು.

ಗದ್ದ ಆದ ಮೇಲೆ ಬೆನ್ನು. ಹಿಂದೆ ಎರಡು ರೆಕ್ಕೆ ಮೂಳೆಗಳ ನಡುವೆ ಪೆನ್ಸಿಲ್ ಸಿಕ್ಕಿಸಿ ಹಿಡಿದ ಹಾಗೆ ಅವನ್ನು ಹತ್ತಿರ ತರಬೇಕು, ಭುಜ ಮಾತ್ರ ಕಿವಿಯ ಕಡೆ ಏರಕೂಡದು. ಆಮೇಲೆ ಬರಿ ಗೋಡೆಗೆ ತಲೆ, ಬೆನ್ನು, ಸೊಂಟ ತಾಗಿಸಿ ನಿಂತು ಎರಡು ತೋಳುಗಳನ್ನೂ ಗೋಡೆಗೆ ಸವರುತ್ತ ಮೇಲಕ್ಕೇರಿಸಿ ಇಳಿಸಬೇಕು. ನೋಡಲು ಏನೂ ಇಲ್ಲ, ಮಾಡಿದವರಿಗೇ ಗೊತ್ತು. ಬಾಗಿಲ ಚೌಕಟ್ಟಿಗೆ ಎರಡೂ ಮೊಳಕೈ ಒತ್ತಿ ಎದೆಯನ್ನು ನಿಧಾನವಾಗಿ ಮುಂದಕ್ಕೆ ಬಿಡುವುದು ಕೊನೆಯದು. ದಿನಕ್ಕೆ ಎರಡು ಸಲ ಇಷ್ಟು ಮಾಡಬೇಕು, ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಗದ್ದ ಹಿಂದಕ್ಕೆಳೆಯಬೇಕು.

ಅವಳು ಒಂದು ದಿನವೂ ತಪ್ಪಿಸಲಿಲ್ಲ. ಅಡುಗೆಮನೆಯ ಗಂಟೆ ಗಡಿಯಾರ ತಂದು ಮೇಜಿನ ಮೇಲಿಟ್ಟಳು. ಅದು ಕಿರ್ ಅಂದಾಗಲೆಲ್ಲ ಎದ್ದು ನಿಂತು ಗದ್ದ ಎಳೆಯುವಳು. ನೋಡಿ ನೋಡಿ ಪಕ್ಕದ ಮೇಜಿನವರೂ ಶುರು ಮಾಡಿದರು. ಹದಿನೈದು ದಿನದಲ್ಲಿ ಹಾಲಿನ ಹನ್ನೆರಡು ಜನವೂ ಅರ್ಧ ಗಂಟೆಗೊಮ್ಮೆ ಎದ್ದು, ಮಾತಿಲ್ಲದೆ, ಮುಖ ಹಿಂದಕ್ಕೆಳೆದು ನಿಲ್ಲತೊಡಗಿದೆವು. ಮೇಲ್ವಿಚಾರಕರು ಒಂದು ದಿನ ಬಾಗಿಲಲ್ಲೇ ತಡೆದು ನಿಂತರು. “ಏನ್ರೀ ಇದು, ಮುಷ್ಕರಾನಾ?” ಎಂದು ಪಾಪ ಗಾಬರಿಯಿಂದ ಕೇಳಿದರು.

ಇಷ್ಟಾದರೂ ಐದು ವಾರಕ್ಕೆ ಅವಳಿಗೆ ಆದ ಗುಣ ಅಷ್ಟಕ್ಕಷ್ಟೇ. ಬೆಳಿಗ್ಗೆ ಹಗುರ, ಸಂಜೆಯ ಹೊತ್ತಿಗೆ ಎಲ್ಲ ವಾಪಸ್. ಬೆರಳಿನ ಜೋಮು ಹಾಗೇ ಇತ್ತು. ಗದ್ದದ ಡಾಕ್ಟ್ರು ಅವಳ ಕತ್ತಿನ ಎರಡೂ ಬದಿ ಮುಟ್ಟಿ ನೋಡಿ ತಲೆ ಕೆರೆದುಕೊಂಡ. “ಇದು ಬರೀ ಕಂಪ್ಯೂಟರ್ ಮುಂದೆ ಬಾಗಿ ಕೂತ ಕತ್ತಲ್ಲ. ಬಲಕ್ಕೆ ತಿರುಚಿ ಹೆಣೆದ ಹಾಗಿದೆ. ನೀವು ಕೆಲಸ ಮಾಡುವಾಗ ಒಂದು ಫೋಟೋ ತೆಗೆಸ್ಕೊಂಡು ಬನ್ನಿ.” ಆ ದಿನ ಇನ್ನೂ ಒಂದು ನಡೆಯಿತು. ಅವನು ಹೊಸದಾಗಿ ಹೇಳಿಕೊಟ್ಟಂತೆ ಅವಳು ಈ ಸಲ ಗೋಡೆಗೆ ಮುಖ ಮಾಡಿ ತೋಳು ಏರಿಸುತ್ತಿದ್ದಾಗ ಅವನು ಹಿಂದೆ ಬಲಗಡೆ ನಿಂತು “ಸಾಕು ಮೇಡಂ” ಎಂದ. ಅವಳು ನಿಲ್ಲಿಸಲಿಲ್ಲ. ಇನ್ನೊಮ್ಮೆ ಹೇಳಿದ. ಅವಳ ಪಾಡಿಗೆ ಅವಳು ಏರಿಸುತ್ತಲೇ ಇದ್ದಳು. ನಾನು “ಏ, ಸಾಕಂತೆ ಕಣೆ!” ಎಂದು ಕೂಗಿದ ಮೇಲೆ ನಿಂತಳು. ಅವನು ಅವಳನ್ನೇ ನೋಡಿದ. ಶ್ರದ್ಧೆ ಜಾಸ್ತಿಯಾಗಿದೆ ಎಂದುಕೊಂಡೆ ನಾನು, ನನ್ನ ಬುದ್ಧಿಗೆ.

ಫೋಟೋ ತೆಗೆದವಳೂ ನಾನೇ. ಮಿಂಚು ತಲೆ ಬಾಚಿಕೊಂಡಳು. ಮೇಜಿನ ಮೇಲಿನ ಕಾಗದ ಜೋಡಿಸಿದಳು. “ನೆಟ್ಟಗೆ ಕೂತ್ಕೊ, ಸ್ವಲ್ಪ ನಗು” ಎಂದೆ. ಪಾಠ ಒಪ್ಪಿಸುವ ಮಗುವಿನ ಹಾಗೆ ಪರದೆಯ ಕಡೆ ಮುಖ ಮಾಡಿ, ಭುಜ ಇಳಿಸಿ, ಮಂದಹಾಸ ಬೀರುತ್ತ ಕೂತಳು. ಚೆಂದದ ಫೋಟೋ. ಗದ್ದದ ಡಾಕ್ಟ್ರು ಅದನ್ನು ಬಹಳ ಹೊತ್ತು ನೋಡಿ, “ಈ ಫೋಟೋದಲ್ಲಿ ಇರೋರಿಗೆ ಕತ್ತು ನೋವಿಲ್ಲ ಮೇಡಂ” ಎಂದು ಫೋನ್ ನನ್ನ ಕೈಗಿಟ್ಟ. ನೋವಿನ ಫೋಟೋ ಕೇಳಿದರೆ ಮದುವೆಗೆ ತೋರಿಸುವ ಫೋಟೋ ತೆಗೆದಿದ್ದೆವು.

ಮರುವಾರ ಅವನೇ ಕಚೇರಿಗೆ ಬಂದ, ಎಲ್ಲರಿಗೂ ಭಂಗಿಯ ಬಗ್ಗೆ ಹೇಳಿಕೊಡುವ ನೆಪ ಮಾಡಿಕೊಂಡು. ಅವನು ಒಳಗೆ ಕಾಲಿಟ್ಟದ್ದೇ ತಡ, ಹಾಲಿಗೆ ಹಾಲೇ ಕೋಲು ನುಂಗಿದ ಹಾಗೆ ಸೆಟೆದು ಕೂತಿತು. ಅವನು ನಕ್ಕು, ಮೂಲೆಯ ಸ್ಟೂಲಿನಲ್ಲಿ ಕೂತು ಹಳೆಯ ಪತ್ರಿಕೆ ಬಿಚ್ಚಿದ. ಅರ್ಧ ಗಂಟೆ ಕಳೆಯಿತು. ಮುಕ್ಕಾಲು ಗಂಟೆಗೆ ಮೊದಲ ಬೆನ್ನು ಬಾಗಿತು. ಒಂದೂವರೆ ಗಂಟೆಯಾಗುವಷ್ಟರಲ್ಲಿ ಅವನೊಬ್ಬ ಇದ್ದಾನೆಂಬುದನ್ನೇ ಎಲ್ಲರೂ ಮರೆತಿದ್ದರು. ಒಬ್ಬರು ಕುರ್ಚಿಯಿಂದ ಅರ್ಧ ಜಾರಿದ್ದರು, ಇನ್ನೊಬ್ಬರ ಮೂಗು ಪರದೆಗೆ ಮುತ್ತಿಡುವಷ್ಟು ಹತ್ತಿರ, ಮತ್ತೊಬ್ಬಾಕೆ ಒಂದು ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟು ಗದ್ದವನ್ನು ಮೊಣಕಾಲಿಗೆ ಆನಿಸಿದ್ದಳು. ಮಿಂಚು ಎಂದಿನಂತೆ ಕತ್ತು ಹೊರಳಿಸಿ ನನ್ನ ಮುಖ ನೋಡುತ್ತಿದ್ದಳು.

ಅವನು ಎದ್ದು ಬಂದು ಅವಳ ಹಿಂದೆ, ಬಲಕ್ಕೆ, ನನ್ನ ಕುರ್ಚಿಗೆ ಅಂಟಿ ನಿಂತ. ನಾನು ಪುಟ ತಿರುಗಿಸುತ್ತಿದ್ದೆ, ಅವಳು ಪರದೆಯಲ್ಲಿ ಸಾಲು ಸರಿಮಾಡುತ್ತಿದ್ದಳು. “ಮೇಡಂ, ನಿಮ್ಮ ಕರ್ಚೀಫು ಕೆಳಗೆ ಬಿದ್ದಿದೆ” ಎಂದ, ಆ ಹತ್ತಿಯ ದನಿಯಲ್ಲಿ. ಅವಳು ಮಿಸುಕಲಿಲ್ಲ. ನಾಲ್ಕು ಹೆಜ್ಜೆ ಸುತ್ತಿ ಎಡಕ್ಕೆ ಹೋಗಿ ಅದೇ ಮಾತನ್ನು ಅಷ್ಟೇ ಮೆಲ್ಲಗೆ ಹೇಳಿದ. ತಕ್ಷಣ ಬಗ್ಗಿ ನೆಲ ನೋಡಿದಳು. ಕರ್ಚೀಫು ಬಿದ್ದಿರಲಿಲ್ಲ. ತಲೆಯೆತ್ತಿದಾಗ ಅವನ ಮುಖ, ನನ್ನ ಮುಖ ನೋಡಿ ಅವಳಿಗೆ ಎಲ್ಲ ತಿಳಿದುಹೋಯಿತು. ನನಗೂ ತಿಳಿಯಿತು.

ಅವನು ಹೊರಗೆ ಬರುವಂತೆ ಕಣ್ಸನ್ನೆ ಮಾಡಿದ. ಮೂವರೂ ಮೆಟ್ಟಿಲಿನ ತಿರುವಿಗೆ ಹೋಗಿ ನಿಂತೆವು.

“ಆರನೇ ಕ್ಲಾಸಲ್ಲಿ ಜ್ವರ ಬಂತು,” ಎಂದಳು ಮಿಂಚು. “ಜ್ವರ ಹೋಯ್ತು, ಬಲಗಿವೀನೂ ಕರ್ಕೊಂಡು ಹೋಯ್ತು. ಎಡದ್ದು ಚೆನ್ನಾಗಿದೆ.”

“ಮನೇಲಿ ಗೊತ್ತಾ?” ಎಂದು ಅವನು ಕೇಳಿದ.

“ಅವರಿಗೆ ಗೊತ್ತು. ಅದಕ್ಕೇ ಅವರು ಯಾವಾಗ್ಲೂ ನನ್ನ ಎಡಕ್ಕೇ ನಡೆಯೋದು.”

ಅವಳ ಗಂಡ ಬಸ್ಸಿನ ಕಂಡಕ್ಟರು. ಸಂಜೆ ಕರೆದುಕೊಂಡು ಹೋಗಲು ಬಂದಾಗ ಆತ ರಸ್ತೆಯಲ್ಲಿ ಸುತ್ತು ಹಾಕಿಯಾದರೂ ಅವಳ ಎಡಕ್ಕೇ ಬರುವುದನ್ನು ನಾನು ಎಷ್ಟು ಸಲ ಗೇಲಿ ಮಾಡಿದ್ದೆ. ಈಗ ನಾಲಿಗೆ ಕಚ್ಚಿಕೊಂಡೆ. ಆಸ್ಪತ್ರೆಗೆ ನನ್ನನ್ನು ಯಾಕೆ ಜೊತೆಗೆ ಕರೆಯುತ್ತಿದ್ದಳು ಎಂಬುದೂ ಹೊಳೆಯಿತು. ಅವನು ಹೇಳಿದ್ದನ್ನು ದಾರಿಯಲ್ಲಿ ನನ್ನಿಂದ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಿದ್ದಳು.

ನನಗೆ ಕೋಪ ಬಂತು. ಅಳುವೂ ಬಂತು, ಆದರೆ ನನ್ನಲ್ಲಿ ಕೋಪವೇ ಮೊದಲು ಬಾಗಿಲಿಗೆ ಬರುವುದು. “ಹನ್ನೊಂದು ವರ್ಷ! ಡಬ್ಬಿ ಹಂಚ್ಕೊಂಡು ತಿಂದಿದ್ದೀವಿ. ನನಗೆ ಒಂದು ಮಾತು ಹೇಳೋಕಾಗ್ಲಿಲ್ವಾ?”

“ಹೇಳಿದ್ರೆ ನೀವು ಇನ್ನೂ ಗಟ್ಟಿಯಾಗಿ ಓದ್ತಿದ್ರಿ ಅಕ್ಕಾ. ಎಲ್ರಿಗೂ ಅನುಮಾನ ಬರ್ತಿತ್ತು.”

“ಈಗೇನು ಮೆಲ್ಲಗೆ ಓದ್ತಿದ್ದೀನಾ?”

ಹಾಗೆಂದ ಮೇಲೆ ನಾನೇ ಬೆಚ್ಚಿದೆ. ಈ ಕೆಲಸಕ್ಕೆ ಸೇರುವ ಮೊದಲು ನನ್ನನ್ನು ಯಾರೂ ಮೈಕು ಎಂದದ್ದಿಲ್ಲ. ಮೊದಲ ದಿನಗಳಲ್ಲಿ ಅವಳು “ಏನಂದ್ರಿ?” ಎಂದಾಗಲೆಲ್ಲ ಇಷ್ಟಿಷ್ಟೇ ದನಿ ಏರಿಸಿದ್ದೆ. ಅವಳ ಕತ್ತು ನನ್ನ ಕಡೆ ತಿರುಗುತ್ತ ಹೋದ ಹಾಗೆ ನನ್ನ ಗಂಟಲು ಅವಳ ಕಡೆ ಏರುತ್ತ ಹೋಗಿತ್ತು. ಇಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ಅವಳಿಗೂ ಅದು ಹೊಳೆದಿರಬೇಕು, ಕಣ್ಣಲ್ಲಿ ನೀರಿದ್ದರೂ ಫಕ್ಕನೆ ನಕ್ಕಳು.

“ಸಾಹೇಬ್ರಿಗೆ ಹೇಳ್ಬೇಡಿ,” ಎಂದು ಅವನ ಕಡೆ ತಿರುಗಿದಳು. “ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಕೆಳಗೆ ಕಳಿಸ್ತಾರೆ. ಕತ್ತು ವಾಸಿಯಾಗ್ಲಿಲ್ಲ ಅಂದ್ರೂ ಕೆಳಗೆ ಕಳಿಸ್ತಾರೆ. ಅಲ್ಲಿ ಮಾತಾಡೋರೇ ಇಲ್ಲ. ಇರೋದೊಂದು ಕಿವಿ, ಅದಕ್ಕೊಂದು ಕೆಲಸ ಇರ್ಲಿ.”

ಗದ್ದದ ಡಾಕ್ಟ್ರು ಜೇಬಿನಿಂದ ಚೀಟಿ, ಪೆನ್ನು ತೆಗೆದ. “ನೀವು ದಿನಕ್ಕೆ ಅರ್ಧ ಗಂಟೆ ವ್ಯಾಯಾಮ ಮಾಡ್ತೀರಿ. ಆ ಕುರ್ಚಿಯಲ್ಲಿ ಏಳು ಗಂಟೆ ಕೂರ್ತೀರಿ. ಯಾವುದು ಗೆಲ್ಲುತ್ತೆ ನೀವೇ ಹೇಳಿ. ಕಿವಿ ನನ್ನ ವಿದ್ಯೆ ಅಲ್ಲ, ಅದನ್ನ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ಕಿವಿ ಡಾಕ್ಟರಿಗೆ ಮಾತ್ರ ಒಂದ್ಸಲ ತೋರಿಸಿ. ಕತ್ತು ನನ್ನ ವಿದ್ಯೆ. ಅದಕ್ಕೆ ಏನು ಬೇಕೋ ನಾನು ಬರೆದುಕೊಡ್ತೀನಿ.” ಚೀಟಿಯಲ್ಲಿ ಒಂದೇ ಸಾಲು ಬರೆದ: ಕತ್ತು ಬಲಕ್ಕೆ ತಿರುಗಕೂಡದು, ಓದುವವರು ಎಡಕ್ಕೆ ಕೂರಬೇಕು.

ಅಲ್ಲಿ ನನ್ನ ತಕರಾರು ಶುರುವಾಯಿತು. ಎಡಕ್ಕೆ ಕೂತರೆ ನನಗೆ ಕಿಟಕಿ ಇಲ್ಲ, ಆ ಮಾಸಿದ ಶಾಯಿಯನ್ನು ದೀಪದಲ್ಲಿ ಓದಿದರೆ ಸಂಜೆಗೆ ತಲೆ ಸಿಡಿಯುತ್ತದೆ. ಹಾಗೆಂದು ಅವಳನ್ನು ಕೆಳಗೆ ಕಳಿಸಲು ಮನಸ್ಸು ಬರುತ್ತದೆಯೇ? ಎರಡು ದಿನ ಮುಖ ಗಂಟಿಕ್ಕಿಕೊಂಡು ಯೋಚಿಸಿದೆ. ಮೂರನೆಯ ದಿನ ಬೆಳಿಗ್ಗೆ ಹಾಲಿನ ಬಾಗಿಲಲ್ಲಿ ನಿಂತು ನೋಡುವಾಗ ಹೊಳೆಯಿತು. ಜಾಗ ಬದಲಿಸಬೇಕಾದ್ದು ನಾನಲ್ಲ. ಮೇಜನ್ನೇ ಹಿಂದುಮುಂದಾಗಿ ತಿರುಗಿಸಿದರೆ ಅವಳು ಬಾಗಿಲ ಕಡೆಗೆ ಮುಖ ಮಾಡಿ ಕೂರುತ್ತಾಳೆ, ನಾನು ನನ್ನ ಕಿಟಕಿಯಲ್ಲೇ ಇರುತ್ತೇನೆ, ಕಿಟಕಿ ಅವಳ ಎಡಕ್ಕೆ ಬರುತ್ತದೆ. ಇಷ್ಟು ಹೊಳೆಯಲು ಹನ್ನೊಂದು ವರ್ಷ ಬೇಕಾಯಿತು.

ಮೇಜು ತಿರುಗಿಸಲು ಅರ್ಧ ಗಳಿಗೆ ಸಾಕು. ವಯರು ಮೂರು ಅಡಿ ಉದ್ದ ಮಾಡಲು ನಮ್ಮ ಕಚೇರಿಗೆ ಹನ್ನೆರಡು ದಿನ ಹಿಡಿಯಿತು. ಚೀಟಿ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಕೊನೆಗೆ ನಾನೇ ಎಲೆಕ್ಟ್ರಿಷಿಯನ್ ಕೂರುವ ಕೋಣೆಯ ಬಾಗಿಲಲ್ಲಿ ನಿಂತು ನನ್ನ ದನಿಯಲ್ಲಿ ಎರಡು ಮಾತು ಕೇಳಿದೆ. ಆ ಮಧ್ಯಾಹ್ನವೇ ವಯರು ಬಂತು.

ತಿರುಗಿ ಕೂತ ಮೇಲೂ ಕತ್ತಿನ ಹಳೇ ಚಾಳಿ ಹೋಗಲಿಲ್ಲ. ನಾನು ಓದಲು ಬಾಯಿ ತೆರೆದ ಕೂಡಲೇ ಅವಳ ತಲೆ ತಾನಾಗಿ ಬಲಕ್ಕೆ ಹೊರಳುತ್ತಿತ್ತು. ಅಲ್ಲಿ ಈಗ ನಾನಿಲ್ಲ, ಕಬ್ಬಿಣದ ಬೀರು. ನನ್ನನ್ನು ನೋಡುತ್ತಿದ್ದ ಅದೇ ಅಕ್ಕರೆಯಿಂದ ಬೀರುವನ್ನು ನೋಡುತ್ತಿದ್ದಳು. ಆಗೆಲ್ಲ ನಾನು ಪೆನ್ಸಿಲಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಿದ್ದೆ. ಒಂದು ಕುಟ್ಟಿದರೆ ಸಾಲು ಮುಗಿಯಿತು, ಎರಡು ಕುಟ್ಟಿದರೆ ಕತ್ತು ನೆಟ್ಟಗೆ. ಹದಿನೈದು ದಿನ ಕುಟ್ಟಿದ ಮೇಲೆ ತಲೆ ನಡುವಿಗೆ ಬಂತು. ಗೋಡೆ, ಬಾಗಿಲು, ಗದ್ದದ ವ್ಯಾಯಾಮಗಳು ಹಿಂದಿನವೇ, ಆದರೆ ಈಗ ಅವು ಮೈಗೆ ಹತ್ತತೊಡಗಿದವು. ಬೆಳಿಗ್ಗೆ ಗಳಿಸಿದ್ದು ಸಂಜೆಗೂ ಉಳಿಯುತ್ತಿತ್ತು. ಮೊದಲು ಭುಜದ ಚುಳುಕು ಹೋಯಿತು. ಒಂದು ದಿನ ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳ ಮುಟ್ಟಿ, “ಅಕ್ಕಾ, ತಣ್ಣಗಿದೆ” ಎಂದಳು. ಮುಚ್ಚಳ ತಣ್ಣಗಿದ್ದದ್ದು ದೊಡ್ಡ ಸುದ್ದಿಯಲ್ಲ. ಅದನ್ನು ಆ ಎರಡು ಬೆರಳು ಹೇಳಿದ್ದವು.

ನಡುವೆ ಒಂದು ದಿನ ಕಿವಿ ಡಾಕ್ಟರಿಗೂ ತೋರಿಸಿದೆವು. ಬಲದ್ದು ಇನ್ನು ಬರುವುದಿಲ್ಲ, ಎಡದ್ದು ಗಟ್ಟಿಯಾಗಿದೆ ಎಂದರು. ಅವಳಿಗೆ ಇದು ಹೊಸ ವಿಷಯವೇನಲ್ಲ. ನಾನು ಮಾತ್ರ ಹೊರಗಿನ ಬೆಂಚಿನಲ್ಲಿ ಕೂತು ಚೆನ್ನಾಗಿ ಅತ್ತೆ.

ಮೂರು ತಿಂಗಳು ತುಂಬಿದ ದಿನ ಮೇಲ್ವಿಚಾರಕರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೂತರು. ಹತ್ತು ಪುಟ, ಅದರಲ್ಲೂ ಅವರೇ ಆರಿಸಿ ತಂದ ಕೆಟ್ಟ ಕೈಬರಹದ್ದು. ನಾನು ಓದಿದೆ. ಅವಳು ಪರದೆಗೆ ಎದುರಾಗಿ, ಕತ್ತು ನೆಟ್ಟಗಿಟ್ಟು, ಟೈಪ್ ಮಾಡಿದಳು. ಮೂರನೆಯ ಪುಟದ ಹೊತ್ತಿಗೆ ನನಗೆ ಒಂದು ಆಸೆ ಹುಟ್ಟಿ ದನಿ ಸ್ವಲ್ಪ ಇಳಿಸಿದೆ. ಬೆರಳು ನಿಲ್ಲಲಿಲ್ಲ. ಇನ್ನೂ ಇಳಿಸಿದೆ. ಕೊನೆಯ ಎರಡು ಪುಟ ಪಕ್ಕದಲ್ಲಿ ಮಲಗಿದ ಮಗು ಏಳದಷ್ಟು ಮೆಲ್ಲಗೆ ಓದಿದೆ. ಅವರು ಪುಟಪುಟವನ್ನೂ ಪುಸ್ತಕಕ್ಕೆ ಹಿಡಿದು ನೋಡಿದರು. ಹತ್ತು ಪುಟಕ್ಕೆ ತಪ್ಪು ಸೊನ್ನೆ.

ಅವರು ಕಾಗದಕ್ಕೆ ಸಹಿ ಹಾಕಿ ಪೆನ್ನು ಮುಚ್ಚುವಾಗ ಮಿಂಚು ಎದ್ದು ನಿಂತಳು. “ಸಾರ್, ಒಂದು ವಿಷಯ. ನನ್ನ ಬಲಗಿವಿ ಕೇಳ್ಸಲ್ಲ. ಚಿಕ್ಕಂದಿನಿಂದಾನೂ.”

ಹೇಳುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಇಡೀ ಹಾಲು ಓದುವುದನ್ನು ನಿಲ್ಲಿಸಿತು. ಮೇಲ್ವಿಚಾರಕರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಹಿಂದುಮುಂದಾದ ಮೇಜನ್ನು, ಕಿಟಕಿಯನ್ನು, ಆ ಮೂರು ಅಡಿ ವಯರನ್ನು ನೋಡಿದರು. ಗಡಿಯಾರ ಎತ್ತಿ ಕೈಗೆ ಕಟ್ಟಿಕೊಂಡರು.

“ಹಾಗಾದ್ರೆ ಈ ಮೇಜನ್ನ ಇನ್ನು ಯಾರೂ ತಿರುಗಿಸೋ ಹಾಗಿಲ್ಲ,” ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಆ ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಟ್ಟು, “ಚಹಾ ಮಾಡ್ಲಾ?” ಎಂದು ಕೇಳಿದೆ. ಗಂಡ ಪತ್ರಿಕೆ ಕೆಳಗಿಟ್ಟರು. ಒಳಗಿನ ಕೋಣೆಯಿಂದ ಮಗಳು ಓಡಿ ಬಂದಳು. “ಅಮ್ಮಾ, ಏನಾಯ್ತು? ಹುಷಾರಿಲ್ವಾ?” ನನಗೇನೂ ಆಗಿಲ್ಲ ಎಂದೆ, ಅದೇ ಮೆಲುದನಿಯಲ್ಲಿ. ಇಬ್ಬರೂ ಮುಖ ಮುಖ ನೋಡಿಕೊಂಡರು. ಗಂಡ ಎದ್ದು ಬಂದು ನನ್ನ ಹಣೆಯ ಮೇಲೆ ಅಂಗೈ ಇಟ್ಟು, ನನ್ನ ಮುಖವನ್ನೇ ನೋಡುತ್ತ ಬಹಳ ಹೊತ್ತು ನಿಂತರು.